ಲಾಲಬಿ ಹೇಳಿದ ಅಳತೆ

ಗಜೇಂದ್ರಗಡದಲ್ಲಿ ಬಳೆ ಅಂಗಡಿಗೆ ಗಂಡಸೊಬ್ಬನೇ ಬಂದನೆಂದರೆ ಏನೋ ಇಕ್ಕಟ್ಟಿನಲ್ಲಿದ್ದಾನೆ ಎಂದೇ ಅರ್ಥ. ಆ ಸೋಮವಾರ ಮಧ್ಯಾಹ್ನ ಅನಿಲಕುಮಾರ ಆಚೀಚೆ ನೋಡಿ, ಚಪ್ಪಲಿ ಕಳಚಿ, ಒಳಗೆ ಬಂದು ಕೂತಾಗ ಲಾಲಬಿಗೂ ಹಾಗೇ ಅನ್ನಿಸಿತು. ಬಸ್ ನಿಲ್ದಾಣದ ರಸ್ತೆಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುವ ದೊಡ್ಡ ಅಂಗಡಿ ಆತನದು. ಚಿಕ್ಕವನಿದ್ದಾಗ ತಾಯಿ ಕಳಕವ್ವನ ಸೆರಗು ಹಿಡಿದು ಇದೇ ಅಂಗಡಿಗೆ ಬರುತ್ತಿದ್ದ. ಈಗ ತಲೆಯಲ್ಲಿ ಅಲ್ಲಲ್ಲಿ ಬಿಳಿ ಕೂದಲು.

ಆತ ಜೇಬಿನಿಂದ ಕರವಸ್ತ್ರ ತೆಗೆದು ಜೋಪಾನವಾಗಿ ಬಿಚ್ಚಿದ. ಒಳಗೊಂದು ಹಸಿರು ಗಾಜಿನ ಬಳೆ ಇತ್ತು.

"ಅಕ್ಕಾರ, ಇದು ನಮ್ಮ ಅನ್ನಪೂರ್ಣಾನ ಬಳಿ. ಇದನ್ನ ನೋಡಿ ಅಕಿ ಮುಂಗೈ ಎಷ್ಟ್ ಐತಿ ಹೇಳ್ರಿ. ಯಾರ್ ಮುಂದೂ ಅನಬ್ಯಾಡ್ರಿ ಮತ್ತ."

ಅನ್ನಪೂರ್ಣೇಶ್ವರಿ ಆತನ ಹೆಂಡತಿ. ರೋಣದ ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಬರುವ ಗುರುವಾರ ಅದೇ ಕಾಲೇಜಿನ ಪ್ರಾಚಾರ್ಯಳಾಗಿ ಅಧಿಕಾರ ವಹಿಸಿಕೊಳ್ಳುವವಳಿದ್ದಳು. ಆ ಸಮಾರಂಭದಲ್ಲಿ ಎಲ್ಲರೆದುರು ಆಕೆಯ ಕೈಗೆ ಸ್ವಿಸ್ ಗಡಿಯಾರವೊಂದನ್ನು ಕಟ್ಟಬೇಕೆಂದು ಅನಿಲಕುಮಾರನ ಆಸೆ. ಆಸೆಗೆ ಹಳೆಯ ಕಾರಣವೊಂದಿತ್ತು. ಮದುವೆಯಾದ ಹೊಸದರಲ್ಲಿ ಆತ ಒಂದು ವಾಚು ತಂದಿದ್ದ. ಅದು ಡಬ್ಬಿಯ ಮುಚ್ಚಳದಷ್ಟು ಅಗಲ. ಆಕೆಯದೋ ಜೋಳದ ದಂಟಿನಂಥ ಕೈ. ಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ವಾಚು ಮೊಣಕೈವರೆಗೆ ಜಾರುತ್ತಿತ್ತು. ಹುಡುಗರು ನಕ್ಕರು. ಆಕೆ ಅದನ್ನು ಬಿಚ್ಚಿ ಕಪಾಟಿನಲ್ಲಿಟ್ಟವಳು ಹದಿನಾಲ್ಕು ವರ್ಷ ಮತ್ತೆ ವಾಚು ಕಟ್ಟಲಿಲ್ಲ.

"ಈ ಸಲ ತಪ್ಪಬಾರದ್ರಿ," ಎಂದ ಆತ. "ಎರಡೂವರಿ ಲಕ್ಷದ ವಸ್ತು. ನಮ್ಮವ್ವಗ ಗೊತ್ತಾದ್ರ, ಆ ರೊಕ್ಕಕ್ಕ ಬಂಗಾರದ ಬಿಲ್ವಾರ ಮಾಡಿಸಬಹುದಿತ್ತಲ್ಲ ಅಂತಾಳ. ಹುಬ್ಬಳ್ಳಿ ಅಂಗಡಿಯವ್ರು ಮುಂಗೈ ಅಳತಿ ಕೇಳ್ಯಾರ. ಪಟ್ಟಿ ಕೊಂಡಿ ತಗದು ಕೂಡಸಾಂವ ಬುಧವಾರದಿಂದ ಸೂಟಿ ಅಂತ. ನಾಳೆನ ಆಗಬೇಕು."

ಜೇಬಿನಿಂದ ಇನ್ನೊಂದು ಪೊಟ್ಟಣ ತೆಗೆದ. ಕಾಗದದ ದುಂಡನೆಯ ಚೂರುಗಳು: ಒಂದು ಇಪ್ಪತ್ತಾರು ಮಿಲಿಮೀಟರು, ಒಂದು ಇಪ್ಪತ್ತೆಂಟು, ಮೂವತ್ತೊಂದು, ಮೂವತ್ತನಾಲ್ಕು. ಮೊಬೈಲಿನಲ್ಲಿ ನೋಡಿದ ಗಡಿಯಾರಗಳ ಮುಖದ ಅಗಲಕ್ಕೆ ಸರಿಯಾಗಿ ಆತನೇ ಅಂಗಡಿಯಲ್ಲಿ ಕೂತು ಕತ್ತರಿಸಿದ್ದ. ಪೈಪಿನ ಗಾತ್ರ ಅಳೆದು ರೂಢಿಯಾದ ಕೈ.

ಲಾಲಬಿ ಬಳೆಯನ್ನು ಮುಟ್ಟಲಿಲ್ಲ. ಮುಟ್ಟುವ ಅಗತ್ಯ ಇರಲಿಲ್ಲ. ಎರಡು-ನಾಲ್ಕರ ಅಳತೆಯ ಆ ಬಳೆಯನ್ನು ಹೋದ ವರ್ಷ ಆಕೆಯೇ ಇಟ್ಟಿದ್ದಳು.

"ಬಳಿ ಮುಷ್ಟಿ ಲೆಕ್ಕಾ ಹೇಳ್ತೈತಿ ಅನಿಲಪ್ಪಾ, ಮುಂಗೈದಲ್ಲ," ಎಂದಳು. "ಗೆಣ್ಣಿನ ಎಲಬು ದಾಟಿತಂದ್ರ ಬಳಿ ಒಳಗ ಹೊಕ್ಕಂಗ. ವಾಚು ಹಂಗಲ್ಲ. ಅದು ಮುಂಗೈ ಮ್ಯಾಲೆ ಕುಂಡ್ರಬೇಕು."

"ಹೌದಲ್ಲ! ಅದಕ್ಕ ನಿಮ್ಮಂತ್ಯಾಕ ಬಂದೀನಿ. ಅಕಿ ಮುಂಗೈ ನಿಮಗ ಗೊತ್ತಿದ್ದಷ್ಟು ಯಾರಿಗೆ ಗೊತ್ತೈತಿ?"

ಗೊತ್ತಿತ್ತು. ಗೊತ್ತಿದ್ದದ್ದೇ ಆಪತ್ತಾಗಿತ್ತು.

ಮೂರು ವಾರದ ಹಿಂದೆ, ಪಂಚಮಿಯ ಬಳೆ ಇಡಿಸಿಕೊಳ್ಳಲು ಅನ್ನಪೂರ್ಣೇಶ್ವರಿ ಬಂದಿದ್ದಳು. ಮಣಿಕಟ್ಟಿನವರೆಗೆ ತುಂಬು ತೋಳಿನ ರವಿಕೆ, ಗುಂಡಿ ಬಿಗಿದದ್ದು. ಲಾಲಬಿ ಕೈ ಹಿಡಿದಳು. ಶ್ರಾವಣದ ತಂಪಿನಲ್ಲೂ ಕೈ ಬಿಸಿಯಾಗಿತ್ತು, ಅಂಗೈ ಬೆವರಿತ್ತು. ಚಾಚಿದ ಬೆರಳು ಸಣ್ಣಗೆ ನಡುಗುತ್ತಿದ್ದವು. ಮಣಿಕಟ್ಟಿನ ಮೇಲೆ ಮಾಂಸವೇ ಇಲ್ಲ, ಎರಡು ಎಲುಬು ಮತ್ತು ಚರ್ಮ. ಹೆಬ್ಬೆರಳ ಕೆಳಗೆ ನಾಡಿ ಓಡುತ್ತಿತ್ತು, ನಾಯಿ ಬೆನ್ನು ಹತ್ತಿದ ಮೊಲದ ಹಾಗೆ.

"ಏನಿದು, ತಾಯಿ?" ಎಂದು ಲಾಲಬಿ ಕೇಳಿದ್ದಳು. ಆಕೆ ಮೊದಲು ನಕ್ಕು, ವಾಕಿಂಗ್ ಮಾಡ್ತೀನಿ, ಅನ್ನ ಬಿಟ್ಟೀನಿ ಎಂದಳು. ಆಮೇಲೆ ಕಣ್ಣು ತುಂಬಿ ಬಂತು. ಆಕೆಯ ತಾಯಿ ಹೀಗೆಯೇ ಬಡವಾಗುತ್ತ ಹೋಗಿ, ದವಾಖಾನೆಯಲ್ಲಿ ರೋಗದ ಹೆಸರು ಹೇಳಿದ ನಲವತ್ತನೇ ದಿನ ತೀರಿಕೊಂಡಿದ್ದಳಂತೆ. "ನನಗೂ ಅದ ಬಂದೈತಿ ಅಕ್ಕಾ. ಮನ್ಯಾಗ ಯಾರಿಗೂ ಗೊತ್ತಿಲ್ಲ. ನೀ ಆಣಿ ಮಾಡು," ಎಂದು ಅದೇ ನಡುಗುವ ಕೈಯಿಂದ ಲಾಲಬಿಯ ಕೈ ಒತ್ತಿ ಹಿಡಿದಳು. ದವಾಖಾನೆಗೆ ಹೋಗುವುದಾದರೆ ಮಾತ್ರ ಎಂದು ಲಾಲಬಿ ಆಣೆ ಮಾಡಿದ್ದಳು. ಆಕೆ ಹೋಗಿರಲಿಲ್ಲವೆಂದು ಈಗ ಅನಿಲಕುಮಾರನ ನಗುಮುಖ ನೋಡಿದರೇ ಗೊತ್ತಾಗುತ್ತಿತ್ತು.

ಆಣೆ ಇಲ್ಲದಿದ್ದರೂ ಲಾಲಬಿ ಬಾಯಿ ಬಿಡುವ ಹೆಂಗಸಲ್ಲ. ಹದಿನೇಳರ ವಯಸ್ಸಿಗೆ ನರಗುಂದದಿಂದ ಸೊಸೆಯಾಗಿ ಬಂದಾಗ ಅತ್ತೆ ಆಕೆಗೆ ಕಸುಬು ಕಲಿಸಿದ್ದು ಕಣ್ಣು ಮುಚ್ಚಿಸಿ. ಕೈ ಹಿಸುಕಿ ಅಳತೆ ಹೇಳಬೇಕು. ತಪ್ಪಿದರೆ ಒಡೆದ ಬಳೆಯ ಚೂರು ಆರಿಸಬೇಕು. ಅಳತೆ ಬಂದ ಮೇಲೆ ಅತ್ತೆ ಹೇಳಿದ ಮಾತು ಒಂದೇ: ಹೆಣ್ಣುಮಕ್ಕಳು ಕೈ ಕೊಟ್ಟಾಗ ಆಡಿದ ಮಾತು ಕೈಬಿಟ್ಟ ಮೇಲೆ ನೆನಪಿನಲ್ಲಿ ಇರಬಾರದು. ಲಾಲಬಿ ಒಂದೇ ಸಲ ಆ ಮಾತು ಮೀರಿದ್ದಳು. ಪಕ್ಕದ ಸೂಡಿ ಊರಿನ ಹೊಸ ಸೊಸೆ ಮರಿಯವ್ವನ ಕೈ ಬಾತದ್ದನ್ನು ಕಂಡು, ಪಾಪ, ಡಾಕ್ಟರಿಗೆ ತೋರಿಸಿರಿ ಎಂದು ಅವಳ ಅತ್ತೆಗೆ ಹೇಳಿದಳು. ಒಳ್ಳೆಯದಕ್ಕೇ ಹೇಳಿದ್ದು. ಆ ಮನೆಯವರು ರೋಗ ಮುಚ್ಚಿಟ್ಟು ಮದುವೆ ಮಾಡಿದ್ದಾರೆಂದು ಹುಡುಗಿಯನ್ನು ತವರಿಗೆ ಅಟ್ಟಿದರು. ಮರಿಯವ್ವ ಮತ್ತೆ ಗಂಡನ ಮನೆಯ ಹೊಸ್ತಿಲು ತುಳಿಯಲಿಲ್ಲ. ಇಪ್ಪತ್ತೆರಡು ವರ್ಷವಾಯಿತು, ಲಾಲಬಿ ಸೂಡಿಯ ಸಂತೆಗೆ ಹೋಗಿಲ್ಲ. ಗಂಡ ಗೌಸುಸಾಬನೇ ಮೊಪೆಡ್ಡಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಾನೆ.

"ಹೇಳ್ರಿ ಅಕ್ಕಾರ, ಎಷ್ಟೈತಿ?" ಎಂದ ಅನಿಲಕುಮಾರ.

"ಲಕ್ಷಾಂತರ ರೂಪಾಯಿ ವಸ್ತು. ನೆನಪಿನ ಮ್ಯಾಲೆ ಹೇಳಿದ್ರ ತಪ್ಪತೈತಿ. ಸಂಜಿಮುಂದ ಮನಿಗೆ ಬಂದು ಕೈ ಹಿಡದು ನೋಡಿ ಹೇಳ್ತೀನಿ."

ಆತ ಖುಷಿಯಾದ. "ಹಂಗಾದ್ರ ನಾಳೆ ನೀವೂ ಹುಬ್ಬಳ್ಳಿಗೆ ಬರ್ರಿ. ಅಲ್ಲೇ ಕುಂತು ಸರಿ ಮಾಡಸ್ರಿ. ಏಳಕ್ಕ ಕಾರ್ ತರ್ತೀನಿ."

ಲಾಲಬಿ ಹ್ಞೂಂ ಎಂದಳು.

ಸಂಜೆ ಲಾಲಬಿ ಬಳೆಯ ಪೆಟ್ಟಿಗೆ ಹೊತ್ತು ಅವರ ಮನೆಗೆ ಹೋದಳು. ಪಡಸಾಲೆಯಲ್ಲಿ ಟಿವಿ ಧಾರಾವಾಹಿ ಜೋರಾಗಿ ನಡೆದಿತ್ತು. ಕಳಕವ್ವ ಕಾಲು ಚಾಚಿ ಕೂತಿದ್ದಳು.

"ಬಾ ಲಾಲಬಿ, ಚಲೋ ವ್ಯಾಳ್ಯಾಕ್ಕ ಬಂದಿ. ಗುರುವಾರ ನಮ್ಮ ಸೊಸಿ ದೊಡ್ಡ ಕುರ್ಚಿ ಮ್ಯಾಲೆ ಕುಂಡ್ರಾಕಿ, ಕೈ ತುಂಬ ಬಳಿ ಇಡು. ನೋಡು ಹ್ಯಾಂಗ ಸಪೂರ ಆಗ್ಯಾಳ, ದಿನಾ ಮುಂಜಾನೆ ನಡೀತಾಳ. ನನಗೂ ನಡಿ ಅಂತಾಳ, ನನ್ನ ಮಣಕಾಲು ಕೇಳಬೇಕಲ್ಲ!"

ಅನ್ನಪೂರ್ಣೇಶ್ವರಿ ಒಳಗಿನಿಂದ ಬಂದಳು. ಲಾಲಬಿಯನ್ನು ಕಂಡು ಒಂದು ಕ್ಷಣ ಬಾಗಿಲಲ್ಲೇ ನಿಂತಳು. ಬೇಡ ಎಂದರೆ ಅತ್ತೆಗೆ ಸಂಶಯ. ಬಂದು ಕೂತು ಕೈ ಕೊಟ್ಟಳು. ತೋಳಿನ ಗುಂಡಿಯನ್ನು ಒಂದೇ ಒಂದು ಬಿಚ್ಚಿದಳು.

ಲಾಲಬಿ ಬಳೆ ಏರಿಸತೊಡಗಿದಳು. ಬೆರಳು ಬಳೆಯ ಮೇಲಿದ್ದರೂ ಗಮನವೆಲ್ಲ ನಾಡಿಯ ಮೇಲೆ. ನಾಡಿ ಹೋದ ಸಲಕ್ಕಿಂತ ಜೋರಾಗಿ ಓಡುತ್ತಿತ್ತು. ಓಡುತ್ತ ಓಡುತ್ತ ತಟ್ಟನೆ ನಿಂತಿತು. ಲಾಲಬಿಯ ಕೈ ಅಲ್ಲೇ ತಡೆಯಿತು. ಮತ್ತೆ ಎರಡು ಬಡಿತ ಒಂದರ ಮೇಲೊಂದು ಬಿದ್ದವು, ಮತ್ತೆ ಖಾಲಿ.

ಕಳಕವ್ವ ಬಳೆಗಾರ್ತಿಗೆ ಕೊಡಬೇಕಾದ ಜೋಳ ತರಲು ಒಳಗೆ ಎದ್ದುಹೋದಳು. ಸಿಕ್ಕದ್ದು ಅಷ್ಟೇ ಹೊತ್ತು.

"ಅನ್ನಪೂರ್ಣವ್ವಾ, ನಿನ್ನ ನಾಡಿ ನಡುವ ತಪ್ಪಾಕತ್ತೈತಿ. ಹೋದ ಸಲ ಹಿಂಗಿರಲಿಲ್ಲ. ನಾಳೆನ ದವಾಖಾನಿಗೆ ನಡಿ."

"ಗುರುವಾರ ಮುಗೀಲಿ ಅಕ್ಕಾ."

"ಗುರುವಾರ ತನಕ ತಡೀತೈತಿ ಅಂತ ಯಾರ ಬರಕೊಟ್ಟಾರ?"

"ಹದಿನೇಳ ವರ್ಷ ಆ ಕಾಲೇಜಿನ್ಯಾಗ ದುಡದೀನಿ. ಒಂದ ದಿನ ಆ ಕುರ್ಚಿ ಮ್ಯಾಲೆ ಕುಂಡ್ರತೀನಿ. ಆಮ್ಯಾಲೆ ನೀ ಎಲ್ಲಿ ಕರದ್ರ ಅಲ್ಲಿ ಬರ್ತೀನಿ. ಈಗ ಹೋದ್ನಿ ಅಂದ್ರ ಹೆಸರ ಹೇಳ್ತಾರ. ಹೆಸರ ಕೇಳಿದ ಮ್ಯಾಲೆ ನನ್ನ ಕೈಲಿ ನಿಂದ್ರೂದು ಆಗೂದಿಲ್ಲ."

"ನಿನ್ನ ಗಂಡಗರೆ ಹೇಳು."

"ನೀ ಆಣಿ ಮಾಡೀಯಲ್ಲ?" ಅನ್ನಪೂರ್ಣೇಶ್ವರಿಯ ದನಿ ಗಡುಸಾಯಿತು. "ನಾ ನಿನ್ನ ನಂಬಿ ಕೈ ಕೊಟ್ಟೀನಿ."

ಮೊರದ ತುಂಬ ಜೋಳ ಹಿಡಿದು ಕಳಕವ್ವ ಬಂದಳು. ಅದೇ ಹೊತ್ತಿಗೆ ಅನಿಲಕುಮಾರನೂ ಹೊರಗಿನಿಂದ ಬಂದು, ಹೆಂಡತಿಯ ಬೆನ್ನ ಹಿಂದೆ ನಿಂತು, ಆಯಿತೇ ಎಂದು ಲಾಲಬಿಗೆ ಹುಬ್ಬು ಹಾರಿಸಿದ. ಆಕೆ ತಲೆ ಆಡಿಸಿದಳು. ಆಯಿತು ಎಂದು ಆತ ತಿಳಿದುಕೊಂಡ.

ಊಟದ ಹೊತ್ತಿಗೆ ಗಂಡನಿಗೆ ಹೆಸರು ಹೇಳದೆ ಸಂಗತಿಯಷ್ಟನ್ನೇ ಹೇಳಿದಳು. ಗೌಸುಸಾಬ ರೊಟ್ಟಿ ಮುರಿಯುತ್ತ, "ಮರಿಯವ್ವನ ಪಾಪ ಇನ್ನೂ ತೊಳದಿಲ್ಲ ಅಂತ ದಿನಾ ಅಂತೀ. ಮಾತಾಡಿದ್ರ ಇನ್ನೊಬ್ಬಾಕಿ ಮನಿ ಮುರೀಬಹುದು, ಸುಮ್ಕಿದ್ರ ಒಂದ ಜೀವಾನ ಹೋಗಬಹುದು. ನಾ ಏನ್ ಹೇಳ್ಲಿ?" ಎಂದ. ಆತನ ಮೇಲೆ ಸಿಟ್ಟು ಬಂತು. ಆದರೆ ಆತ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮರುದಿನ ದಾರಿಯುದ್ದಕ್ಕೂ ಅನಿಲಕುಮಾರ ಮಾತಾಡಿದ. ಬಂಗಾರದ ಬಣ್ಣದ್ದು ಚಲೋನೋ, ಉಕ್ಕಿನದೋ? ಹರಳು ಕೂಡಿಸಿದ್ದು ಕಾಲೇಜಿಗೆ ಹೊಂದೀತೇ? ಲಾಲಬಿ ಹ್ಞೂಂ, ಹ್ಞೂಂ ಎನ್ನುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಹೆಸರುಕಾಳಿನ ಹೊಲ, ಗೋವಿನಜೋಳದ ಹೊಲ ಹಿಂದೆ ಸರಿದವು. ನೂರು ಕಿಲೋಮೀಟರು ದಾರಿ ಆಕೆಗೆ ಬಲು ಬೇಗ ಮುಗಿಯಿತು.

ಹುಬ್ಬಳ್ಳಿಯ ಅಂಗಡಿ ದವಾಖಾನೆಯಂತೆ ತಣ್ಣಗಿತ್ತು. ಮಾರಾಟದ ಹುಡುಗಿ ಬೂದು ಮಖಮಲ್ಲಿನ ತಟ್ಟೆಯ ಮೇಲೆ ಮೂರು ಗಡಿಯಾರ ಇಟ್ಟಳು. ಅನಿಲಕುಮಾರ ತನ್ನ ಕಾಗದದ ಚೂರುಗಳನ್ನು ಪಕ್ಕದಲ್ಲಿ ಜೋಡಿಸಿದ. ಹುಡುಗಿಗೆ ನಗು ಬಂದರೂ ತಡೆದುಕೊಂಡಳು.

"ಸಣ್ಣ ಕೈಗೆ ಮುಖದ ಅಗಲ ಅಷ್ಟ ನೋಡಬಾರದು ಸರ್," ಎಂದು ಒಂದನ್ನು ತಿರುಗಿಸಿ ತೋರಿಸಿದಳು. "ಪಟ್ಟಿ ಸಿಗಿಸೋ ಈ ಕೊಂಬು ಐತಲ್ಲ, ಮ್ಯಾಲಿನ ತುದಿಯಿಂದ ಕೆಳಗಿನ ತುದಿ ತನಕ ಮಣಿಕಟ್ಟಿನ ಒಳಗ ಇರಬೇಕು. ಹೊರಗ ಚಾಚಿದ್ರ ಎರವಲು ತಂದಂಗ ಕಾಣತೈತಿ."

ಲಾಲಬಿಗೆ ಹುಡುಗಿ ಕಸುಬು ಬಲ್ಲವಳು ಅನ್ನಿಸಿತು. "ನಿನ್ನ ಕೈ ಕೊಡವಾ," ಎಂದು ಹಿಡಿದು ನೋಡಿದಳು. ಸಣ್ಣ ಮಣಿಕಟ್ಟು, ಆದರೆ ತಂಪು, ಗಟ್ಟಿ. "ನಿಂದು ಎಷ್ಟು?"

"ಹದಿನಾಲ್ಕು ಸೆಂಟಿಮೀಟರ್."

ಹುಡುಗಿ ಇಪ್ಪತ್ತೆಂಟರ ಮುಖದ, ಉಕ್ಕಿನ ಪಟ್ಟಿಯ ಗಡಿಯಾರವನ್ನು ತನ್ನ ಕೈಗೇ ಹಾಕಿ ತೋರಿಸಿದಳು. ಅನಿಲಕುಮಾರನ ಮುಖ ಅರಳಿತು. "ಇದ! ಅನ್ನಪೂರ್ಣಾಂದೂ ಹಿಂಗ ಐತಿ. ಹದಿನಾಲ್ಕಕ್ಕ ಮಾಡ್ರಿ. ಅಲ್ಲೇನ್ರಿ ಅಕ್ಕಾರ?"

ಒಳಗಿನ ಮೇಜಿನ ಮುಂದೆ ಕೂತಿದ್ದ ಕೊಂಡಿ ಕೂಡಿಸುವವ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು, ಚಿಮಟ ಎತ್ತಿಕೊಂಡು, ಅಳತೆಗಾಗಿ ಕಾದ.

ಹೌದು ಎಂದರೆ ಮುಗಿಯಿತು. ಆಣೆ ಉಳಿಯುತ್ತದೆ. ನಾಡಿದ್ದು ಕಾಲೇಜಿನ ವೇದಿಕೆಯ ಮೇಲೆ, ಎಲ್ಲರೆದುರು, ಈ ಗಡಿಯಾರ ಆ ಕೈಯ ಮೇಲೆ ಜೋತಾಡುತ್ತದೆ. ಜೋತಾಡಲಿ, ಅದರಿಂದ ಯಾರೂ ಸಾಯುವುದಿಲ್ಲ. ಆದರೆ ಆ ನಾಡಿ? ನಿನ್ನೆ ಬೆರಳ ಕೆಳಗೆ ಖಾಲಿ ಬಿದ್ದ ಜಾಗ ಲಾಲಬಿಯ ಕೈಗೆ ಈಗಲೂ ತಾಗುತ್ತಿತ್ತು.

"ಹದಿನಾಲ್ಕಲ್ಲ," ಎಂದಳು.

"ಮತ್ತ?"

"ಹನ್ನೆರಡೂ ಆಗೂದಿಲ್ಲ. ಹನ್ನೆರಡಕ್ಕ ಒಂದ ಎಳಿ ಕಡಿಮಿ."

ಹುಡುಗಿ ಏನೂ ಅರಿಯದೆ ನಕ್ಕಳು. "ಅದು ಸಣ್ಣ ಮಕ್ಕಳ ಕೈರಿ ಅಮ್ಮಾ. ದೊಡ್ಡವರದು ಅಷ್ಟು ಇರೋದಿಲ್ಲ. ಆರಾಮಿಲ್ಲದವರದಾದ್ರ ಬ್ಯಾರೆ ಮಾತು."

ಅನಿಲಕುಮಾರ ಕುರ್ಚಿಯಲ್ಲಿ ನೆಟ್ಟಗಾದ. "ಏನ್ ಹೇಳಾಕತ್ತೀರಿ ಅಕ್ಕಾರ? ನನ್ನ ಹೆಂಡತಿ ಕೈ ನನಗ ಗೊತ್ತಿಲ್ಲೇನು?"

"ಯಾವಾಗ ಹಿಡದಿದ್ರಿ?"

ಪ್ರಶ್ನೆ ಬಾಯಿಂದ ಬಿದ್ದ ಮೇಲೆ ಲಾಲಬಿಗೇ ಹೆದರಿಕೆಯಾಯಿತು. ಪರರ ಗಂಡನಿಗೆ, ಪರವೂರಿನ ಅಂಗಡಿಯಲ್ಲಿ, ಆಡುವ ಮಾತೇ ಇದು? ಆತ ತನ್ನ ಅಂಗೈ ನೋಡಿಕೊಂಡ. ಯಾವಾಗ ಎಂದು ನಿಜಕ್ಕೂ ನೆನಪು ಮಾಡಿಕೊಳ್ಳುತ್ತಿದ್ದ. ಮುಖ ನಿಧಾನವಾಗಿ ಬಣ್ಣಗೆಟ್ಟಿತು.

"ನೀವು ಅಳತಿ ಕೇಳಿದ್ರಿ, ಖರೇ ಅಳತಿ ಹೇಳೀನಿ," ಎಂದಳು ಲಾಲಬಿ. "ಅದು ಯಾಕ ಹಂಗಾತು ಅನ್ನೂದು ನಾ ಹೇಳೂ ಮಾತಲ್ಲ. ಅಕಿನ್ನ ಕೇಳ್ರಿ. ಗುರುವಾರ ಅಲ್ಲ, ಇವತ್ತ."

ಆತ ಎದ್ದು ಹೊರಗೆ ಹೋಗಿ ಹೆಂಡತಿಗೆ ಫೋನು ಹಚ್ಚಿದ. ಗಾಜಿನ ಆಚೆ ಆತನ ತುಟಿ ಅಲುಗಲಿಲ್ಲ. ಆ ಕಡೆ ಯಾರೂ ಎತ್ತುತ್ತಿರಲಿಲ್ಲ. ಮತ್ತೆ ಹಚ್ಚಿದ. ಮೂರನೆಯ ಸಲಕ್ಕೂ ಎತ್ತದಿದ್ದಾಗ ಬಾಗಿಲು ತೆರೆದು, "ನಡೀರಿ," ಎಂದಷ್ಟೇ ಹೇಳಿದ. ಕಾಗದದ ಚೂರುಗಳು ಮಖಮಲ್ಲಿನ ಪಕ್ಕದಲ್ಲೇ ಉಳಿದವು.

ಕಾರು ರೋಣದ ದಾರಿ ಹಿಡಿಯಿತು. ಆತ ಗಾಡಿ ಓಡಿಸಿದ ರೀತಿಗೆ ಲಾಲಬಿ ಎರಡು ಸಲ ಕಲಿಮಾ ಹೇಳಿಕೊಂಡಳು. ಗದಗ ದಾಟಿದ ಮೇಲೆ ಆತ ಒಮ್ಮೆ ಕೇಳಿದ: "ಎಷ್ಟ ದಿನದಿಂದ ನಿಮಗ ಗೊತ್ತೈತಿ?"

"ಪಂಚಮಿಯಿಂದ."

"ಇಪ್ಪತ್ತ ದಿನಾ!" ಎಂದು ಆತ ಹಲ್ಲು ಕಚ್ಚಿದ. ಹೇಳಿದರೂ ತಪ್ಪು, ಹೇಳದಿದ್ದರೂ ತಪ್ಪು. ಲಾಲಬಿ ಸೆರಗು ತಲೆಯ ಮೇಲೆ ಎಳೆದುಕೊಂಡು ಕೂತಳು.

ರೋಣದ ಕಾಲೇಜಿನಲ್ಲಿ ಪ್ರಯೋಗದ ತರಗತಿ ನಡೆದಿತ್ತು. ಅದಕ್ಕೇ ಫೋನು ಎತ್ತಿರಲಿಲ್ಲ. ಅನಿಲಕುಮಾರ ಬಾಗಿಲಲ್ಲಿ ನಿಂತಾಗ ಅನ್ನಪೂರ್ಣೇಶ್ವರಿ ಹುಡುಗಿಯರಿಗೆ ಗಾಜಿನ ನಳಿಕೆ ಎತ್ತಿ ತೋರಿಸುತ್ತಿದ್ದಳು. ನಳಿಕೆ ಕಟ್ಟಿಗೆಯ ಸ್ಟ್ಯಾಂಡಿಗೆ ತಾಗಿ ಟಕಟಕ ಸದ್ದು ಮಾಡುತ್ತಿತ್ತು. ಆತ ಯಾರನ್ನೂ ನೋಡದೆ ನೇರ ಹೋಗಿ, ಆಕೆಯ ತೋಳಿನ ಗುಂಡಿ ಬಿಚ್ಚಿ, ಮಣಿಕಟ್ಟು ಹಿಡಿದ. ಆತನ ಹೆಬ್ಬೆರಳು ತೋರುಬೆರಳನ್ನು ದಾಟಿ ಮತ್ತೂ ಒಂದು ಗೆಣ್ಣು ಮುಂದೆ ಹೋಯಿತು. ಹುಡುಗಿಯರು ಕೈಯಲ್ಲಿನ ನಳಿಕೆ ಕೆಳಗಿಟ್ಟು ನೋಡಿದರು.

ಅನ್ನಪೂರ್ಣೇಶ್ವರಿ ಆತನ ಭುಜದ ಮೇಲಿಂದ ಬಾಗಿಲಲ್ಲಿದ್ದ ಲಾಲಬಿಯನ್ನು ಕಂಡಳು.

"ಹೇಳಿಬಿಟ್ಟೆಲ್ಲ, ಅಕ್ಕಾ," ಎಂದಳು. ಕೂಗಲಿಲ್ಲ, ಬೈಯಲಿಲ್ಲ. ಕೂಗಿದ್ದರೆ ಲಾಲಬಿಗೆ ಹಗುರಾಗುತ್ತಿತ್ತು.

ಅಂದೇ ಗದಗಿಗೆ ಕರೆದೊಯ್ದರು. ನಾಡಿ ನಿಮಿಷಕ್ಕೆ ನೂರಾ ನಲವತ್ತಾರು, ಅದೂ ತಾಳ ತಪ್ಪಿದ್ದು. ರಕ್ತ ತೆಗೆದರು, ಕುತ್ತಿಗೆ ಮುಟ್ಟಿ ನೋಡಿದರು. ಎರಡು ದಿನ ಮನೆಯವರು ಅನ್ನ ನೀರು ಮುಟ್ಟಲಿಲ್ಲ. ಮೂರನೆಯ ದಿನ, ಅಂದರೆ ಗುರುವಾರ, ಆಕೆ ಆ ಕುರ್ಚಿಯ ಮೇಲೆ ಕೂರಬೇಕಿದ್ದ ಹೊತ್ತಿಗೆ, ಡಾಕ್ಟರು ರೋಗದ ಹೆಸರು ಹೇಳಿದರು. ಆಕೆ ಹೆದರಿದ್ದ ಹೆಸರಲ್ಲ. ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಹದ್ದು ಮೀರಿ ದುಡಿಯುತ್ತಿತ್ತು. ಅದು ಮೈಯನ್ನು ಸುಟ್ಟು, ಎದೆಯನ್ನು ಓಡಿಸುತ್ತಿತ್ತು. ಗುಳಿಗೆಗೆ ಬಗ್ಗುವ ರೋಗ. ಆದರೆ ಇನ್ನೊಂದು ಹದಿನೈದು ದಿನ ಹೀಗೇ ಬಿಟ್ಟಿದ್ದರೆ ಹೃದಯ ಸೋಲುತ್ತಿತ್ತು ಎಂದರಂತೆ. ಕಳಕವ್ವ ಇದನ್ನು ಅಂಗಡಿಗೆ ಬಂದು ಹೇಳುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. "ಸಪೂರ ಆಗ್ಯಾಳ ಅಂತ ಊರ ತುಂಬ ಹೇಳಕೋತ ತಿರಗಿದ್ನೆಲ್ಲ ಲಾಲಬಿ, ನನ್ನ ಕಣ್ಣು ಹಿಂಗಿ ಹೋಗಿದ್ವೇನು?"

ಒಂದು ಜೀವ ಉಳಿಯಿತು. ಊರು ಮಾತ್ರ ಬೇರೆ ಮಾತಾಡಿತು. ಪ್ರಯೋಗಶಾಲೆಯ ಹುಡುಗಿಯರು ಮನೆಯಲ್ಲಿ ಹೇಳಿದರು, ಮನೆಯವರು ಓಣಿಯಲ್ಲಿ ಹೇಳಿದರು. ಲಾಲಬಿಯ ಕೈಗೆ ಕೈ ಕೊಟ್ಟರೆ ಗುಟ್ಟು ಗಂಡನ ಕಿವಿಗೆ ಮುಟ್ಟುತ್ತದೆ ಎಂದಾಯಿತು. ದಸರೆಗೆ ಬರುವವರು ಅರ್ಧಕ್ಕೆ ಇಳಿದರು. ಬಂದವರೂ ಬಳೆ ಕಾಗದದಲ್ಲಿ ಕಟ್ಟಿಸಿಕೊಂಡು ಒಯ್ದರು, ಮನೆಯಲ್ಲಿ ನಾವೇ ಇಟ್ಟುಕೊಳ್ಳುತ್ತೇವೆ ಎಂದು. ದೀಪಾವಳಿಯ ಹಿಂದಿನ ದಿನ ಕಳಕವ್ವ ಬಂದು ರಸ್ತೆಗೆ ಕಾಣುವಂತೆ ಕಟ್ಟೆಯ ಮೇಲೇ ಕೂತು, ಎರಡೂ ಕೈ ಚಾಚಿ, ಒಂದು ತಾಸು ಬಳೆ ಇಡಿಸಿಕೊಂಡಳು. ಅದರಿಂದ ಸ್ವಲ್ಪ ಸುಧಾರಿಸಿತು. ಪೂರ್ತಿ ಅಲ್ಲ.

ಅನ್ನಪೂರ್ಣೇಶ್ವರಿ ಮಾತ್ರ ಬರಲಿಲ್ಲ. ಆಕೆ ತಡವಾಗಿ, ಹಾರ ತುರಾಯಿ ಏನೂ ಇಲ್ಲದೆ, ಒಂದು ಸಹಿ ಹಾಕಿ ಅಧಿಕಾರ ವಹಿಸಿಕೊಂಡಿದ್ದಳು. ಬೆಳಿಗ್ಗೆ ಸ್ಕೂಟಿಯ ಮೇಲೆ ಅಂಗಡಿಯ ಮುಂದೆಯೇ ಹಾಯುತ್ತಿದ್ದಳು, ತಿರುಗಿ ನೋಡುತ್ತಿರಲಿಲ್ಲ. ಲಾಲಬಿ ಪ್ರತಿದಿನ ಆ ಹೊತ್ತಿಗೆ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದಳು. ಸ್ಕೂಟಿಯ ಹಿಡಿಕೆಯ ಮೇಲಿನ ಕೈ ತುಸು ತುಂಬಿಕೊಂಡಿದೆಯೇ ಎಂದು ನೋಡಿ ಒಳಗೆ ಹೋಗುತ್ತಿದ್ದಳು.

ಯುಗಾದಿಗೆ ಹತ್ತು ದಿನ ಇದ್ದಾಗ ಸ್ಕೂಟಿ ನಿಂತಿತು. ಅನ್ನಪೂರ್ಣೇಶ್ವರಿ ಒಳಗೆ ಬಂದು, ಕೂತು, ಗಾದಿಯ ಮೇಲೆ ಬಲಗೈ ಇಟ್ಟಳು. ರವಿಕೆಯ ತೋಳು ಮೊಣಕೈವರೆಗೆ ಮಾತ್ರ ಇತ್ತು.

ಲಾಲಬಿ ಹಿಡಿದಳು. ತಂಪು ಕೈ. ಒಣಗಿದ ಅಂಗೈ. ಬೆರಳು ಅಲುಗದೆ ಸ್ಥಿರ. ನಾಡಿ ನಿಧಾನವಾಗಿ, ಒಂದಾದ ಮೇಲೆ ಒಂದು. ಆಕೆ ಅಗತ್ಯಕ್ಕಿಂತ ಹೆಚ್ಚು ಹೊತ್ತು ಹಿಡಿದೇ ಇದ್ದಳು.

"ಎಷ್ಟೈತಿ?" ಎಂದಳು ಅನ್ನಪೂರ್ಣೇಶ್ವರಿ.

"ಹದಿಮೂರೂವರಿ. ಇನ್ನೂ ತುಂಬೂದೈತಿ."

"ನಿನ್ನ ಮ್ಯಾಲಿನ ಸಿಟ್ಟು ಹೋಗಿಲ್ಲ ಅಕ್ಕಾ. ಜೀವ ಉಳಿಸಿದಿ, ಅದೂ ಗೊತ್ತೈತಿ. ಎರಡೂ ಒಟ್ಟಿಗೆ ಅದಾವ. ಏನ್ ಮಾಡ್ಲಿ?"

"ಇರ್ಲಿ ಬಿಡು. ಸಿಟ್ಟು ಮಾಡಾಕ ನೀ ಇದ್ದೀಯಲ್ಲ, ಅಷ್ಟ ಸಾಕು."

ಅನ್ನಪೂರ್ಣೇಶ್ವರಿ ಗಾದಿಯ ಮೇಲಿನ ಬಳೆಯೊಂದನ್ನು ಎತ್ತಿ ನೋಡಿ ಇಟ್ಟಳು. "ರವಿವಾರ ಹುಬ್ಬಳ್ಳಿಗೆ ಹೊಂಟೀವಿ. ಅವರು ಮತ್ತ ವಾಚು ಅಂತಾರ. ಈ ಸಲ ನನ್ನ ಕೈ ನಾನ ಒಯ್ತೀನಿ. ನೀನೂ ಬಾ," ಎಂದಳು.

ಅಂಗಡಿಯಲ್ಲಿ ಅದೇ ಹುಡುಗಿ ಇದ್ದಳು. ಅನಿಲಕುಮಾರ ಮೊದಲು ನೋಡಿದ್ದ ಇಪ್ಪತ್ತೆಂಟರ ಉಕ್ಕಿನ ಗಡಿಯಾರವನ್ನೇ ಕೇಳಿದ. ಅನ್ನಪೂರ್ಣೇಶ್ವರಿ ಕಟ್ಟಿ, ಕೈ ದೂರ ಚಾಚಿ, ಕಣ್ಣು ಕಿರಿದು ಮಾಡಿದಳು. "ಚಂದ ಐತಿ. ಆದ್ರ ಟೈಮ್ ಕಾಣವಲ್ದು. ಚಾಳೀಸು ಬಂದಾಕಿಗೆ ಇಂಥಾ ಮುಳ್ಳು ಏನ್ ಕಂಡಾವು?" ಅಂಕಿ ದೊಡ್ಡದಿದ್ದ ಮೂವತ್ತನಾಲ್ಕನ್ನು ಕಟ್ಟಿದಾಗ ಅದರ ಕೊಂಬು ಎರಡೂ ಕಡೆ ಎಲುಬು ದಾಟಿ ಹೊರಗೆ ಚಾಚಿದವು. ಹರಳಿನದು, ಬಂಗಾರದ್ದು, ಚೌಕ ಮುಖದ್ದು. ಒಂದೊಂದಕ್ಕೂ ಒಂದು ಕುಂದು. ಅನಿಲಕುಮಾರ ಬೆವರು ಒರೆಸಿಕೊಂಡ. ಈ ಸಲವೂ ಬರಿಗೈಲಿ ಹೋಗಬೇಕಾದೀತೆಂದು ಆತನಿಗೆ ಒಳಗೇ ದಿಗಿಲು.

ಕೊನೆಗೆ ಹುಡುಗಿ ಒಳಗಿನಿಂದ ಇನ್ನೊಂದು ತಂದಳು. ಮೂವತ್ತೊಂದರ ಮುಖ, ಬಿಳಿ ತಟ್ಟೆ, ಕಪ್ಪು ಅಂಕಿ, ಕೆಳಮುಖವಾಗಿ ಬಾಗಿದ ಗಿಡ್ಡ ಕೊಂಬು. ಕೈಯ ಮೇಲಿಟ್ಟರೆ ಅದು ಅಲ್ಲೇ ಹುಟ್ಟಿದ ಹಾಗೆ ಕೂತಿತು. ಅನ್ನಪೂರ್ಣೇಶ್ವರಿ ಕೈ ಚಾಚಿ ಓದಿದಳು: "ಹನ್ನೊಂದು ಇಪ್ಪತ್ತು."

"ಉಕ್ಕಿನ ಪಟ್ಟಿನ ಹಾಕಸ್ರಿ, ಭಾಳ ದಿನ ಬಾಳತೈತಿ," ಎಂದ ಅನಿಲಕುಮಾರ.

ಲಾಲಬಿ ತಡೆದಳು. "ಬ್ಯಾಡಪಾ. ಅಕಿ ಕೈ ಇನ್ನೂ ಒಂದ ಕಡೆ ನಿಂತಿಲ್ಲ. ತಿಂಗಳಿಗೊಮ್ಮೆ ಕೊಂಡಿ ತಗಸಾಕ, ಹಾಕಸಾಕ ಹುಬ್ಬಳ್ಳಿಗೆ ಯಾರ್ ಬರಾವ್ರು? ಚರ್ಮದ ಪಟ್ಟಿ ಇರ್ಲಿ. ಒಂದೊಂದ ತೂತು ಸರಿಸ್ಕೋತ ಹೋಗ್ಲಿ."

ಅನ್ನಪೂರ್ಣೇಶ್ವರಿ ಗಿಡ್ಡ ಅಳತೆಯ ಕಂದು ಪಟ್ಟಿ ಆರಿಸಿದಳು. ಹಣ ಕೊಡಲು ಗಂಡ ಕೈ ಚಾಚಿದಾಗ, "ಅರ್ಧ ನಂದು," ಎಂದು ತನ್ನ ಕಾರ್ಡನ್ನೂ ಮುಂದಿಟ್ಟಳು. ಆತ ತನ್ನದನ್ನು ತುಸು ಸರಿಸಿ ಅದಕ್ಕೆ ಜಾಗ ಮಾಡಿದ. ಪಟ್ಟಿಯ ಕೊಕ್ಕೆ ಹಾಕುವಾಗ ಮಾತ್ರ ಆಕೆ ತಾನೇ ಹಾಕಿಕೊಳ್ಳದೆ ಆತನಿಗೆ ಕೈ ಕೊಟ್ಟಳು. ಆತ ಎರಡನೆಯ ತೂತಿಗೆ ಹಾಕಿ, ಬಿಗಿ ಆಯಿತೇ ಎಂದು ಕೇಳಿ, ಒಂದು ಬೆರಳು ತೂರಿಸಿ ನೋಡಿದ. ಮುಗಿದ ಮೇಲೂ ಕೈ ಬಿಡಲಿಲ್ಲ. ಲಾಲಬಿ ಎದ್ದು, ಬಾಗಿಲ ಬಳಿಯ ಗೋಡೆ ಗಡಿಯಾರಗಳನ್ನು ನೋಡುವವಳ ಹಾಗೆ ಆ ಕಡೆ ಹೋದಳು.

ಈಗ ಲಾಲಬಿ ಹೊಸಬರ ಕೈ ಹಿಡಿಯುವ ಮೊದಲೇ ಒಂದು ಮಾತು ಹೇಳುತ್ತಾಳೆ: "ನಿನ್ನ ಮನಸಿನ ಮಾತು ಯಾರಿಗೂ ಹೇಳೂದಿಲ್ಲವಾ. ಆದ್ರ ಜೀವದ ಮಾತಾದ್ರ ನಾ ಸುಮ್ಕಿರಾಕಿ ಅಲ್ಲ. ಬ್ಯಾಡಾದ್ರ ಈಗ ಹೇಳು, ಬಳಿ ಕಟ್ಟಿ ಕೊಡ್ತೀನಿ." ಕೆಲವರು ಕಟ್ಟಿಸಿಕೊಂಡು ಹೋಗುತ್ತಾರೆ. ಹೆಚ್ಚಿನವರು ಒಂದು ಗಳಿಗೆ ಯೋಚಿಸಿ, ಕೈ ಚಾಚುತ್ತಾರೆ. ಹೋದ ಅಮಾವಾಸ್ಯೆಯ ಮರುದಿನ ಆಕೆ ಗಂಡನ ಮೊಪೆಡ್ಡಿನ ಹಿಂದೆ ಕೂತು ಸೂಡಿಯ ಸಂತೆಗೂ ಹೋಗಿ ಬಂದಳು.